ತಮ್ಮ ಮುಚ್ಚಿಟ್ಟ ಪಾಯಿಂಟ್ಸ್‌ಗೆ ಅಕ್ಕನ ಕಾರ್ ಕ್ಲೇಮ್ ತಿರಸ್ಕರಿಸಬಹುದಾ?

ಪ್ರಶ್ನೆ: ನಾನು ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿದ್ದೇನೆ. ಕಾರು, ಪಾಲಿಸಿ ಎರಡೂ ನನ್ನ ಹೆಸರಲ್ಲಿವೆ. ತಮ್ಮ ನಮ್ಮ ಜೊತೆಗೇ ಇರುವುದರಿಂದ ಅವನನ್ನು ನೇಮ್ಡ್ ಡ್ರೈವರ್ (ನನ್ನ ಪಾಲಿಸಿಯಲ್ಲೇ ಕಾರು ಓಡಿಸಬಹುದಾದವನು) ಅಂತ ಸೇರಿಸಿದ್ದೆ. 2024ರ ಜೂನ್‌ನಲ್ಲಿ ಪಾಲಿಸಿ ತಗೊಳ್ಳುವಾಗ ‘ನಿನ್ನ ಲೈಸೆನ್ಸ್ ಮೇಲೆ ಏನಾದ್ರೂ ಇದೆಯೇನೋ’ ಅಂತ ಕೇಳಿದ್ದೆ. ‘ಏನೂ ಇಲ್ಲಕ್ಕ, ಕ್ಲೀನ್ ಇದೆ’ ಅಂದಿದ್ದ. 2025ರ ಜೂನ್‌ನಲ್ಲಿ ಪಾಲಿಸಿ ತಾನಾಗಿಯೇ ರಿನ್ಯೂ ಆಯಿತು. ಅಕ್ಟೋಬರ್‌ನಲ್ಲಿ ಅವನು ಒಂದು ರೌಂಡಬೌಟ್‌ನಲ್ಲಿ ಇನ್ನೊಂದು ಕಾರಿಗೆ ಗುದ್ದಿದ. ನಮ್ಮ ಕಾರು ರಿಪೇರಿಗೂ ಬರದ ಸ್ಥಿತಿ, ಬೆಲೆ ಸುಮಾರು 9,000 ಪೌಂಡ್. ಅವನಿಗೆ ಎರಡು ಸಲ ಸ್ಪೀಡಿಂಗ್ ಪಾಯಿಂಟ್ಸ್ (ತಪ್ಪಿಗೆ ಲೈಸೆನ್ಸ್ ಮೇಲೆ ಹಾಕುವ ಅಂಕ) ಬಿದ್ದಿದ್ದು ಕಂಪನಿಯವರು ವಿಚಾರಿಸಿದ ಮೇಲೇ ನನಗೆ ಗೊತ್ತಾಗಿದ್ದು. ಒಂದು 2019ರ ನವೆಂಬರ್‌ನಲ್ಲಿ, ಇನ್ನೊಂದು 2025ರ ಜನವರಿಯಲ್ಲಿ, ಆಫೀಸಿನ ಕಾರಲ್ಲಿ. ಈಗ ‘ಬೇಕಂತಲೇ ಅಥವಾ ಲೆಕ್ಕಿಸದೆ ತಪ್ಪು ಮಾಹಿತಿ ಕೊಟ್ಟಿದ್ದೀರಿ’ ಅಂತ ಪತ್ರ ಬಂದಿದೆ. ಪಾಲಿಸಿ ಮೊದಲ ದಿನದಿಂದಲೇ ವಾಯ್ಡ್ (ಇರಲೇ ಇಲ್ಲ ಅನ್ನೋ ಹಾಗೆ ರದ್ದು), ಪ್ರೀಮಿಯಂ ವಾಪಸ್ ಇಲ್ಲ, ಎದುರಿನ ಕಾರಿನವರಿಗೆ ಕೊಡುವ ದುಡ್ಡನ್ನೂ ನಿಮ್ಮಿಂದಲೇ ವಸೂಲಿ ಮಾಡುತ್ತೇವೆ ಅಂತ ಬರೆದಿದ್ದಾರೆ. ಎರಡು ರಾತ್ರಿ ನಿದ್ದೆ ಬಂದಿಲ್ಲ. ಏನಾದರೂ ಮಾಡಬಹುದಾ?

ಉತ್ತರ:

ಮಾಡಬಹುದು. ಮಾಡಲೇಬೇಕು. ಇಲ್ಲಿನ ಕ್ಲೇಮ್ಸ್ ವಿಭಾಗದಲ್ಲಿ ಕೂತು ಇಂಥ ಪತ್ರಗಳನ್ನು ನಾನೇ ವರ್ಷಗಟ್ಟಲೆ ಬರೆದಿದ್ದೇನೆ, ಆಮೇಲೆ ಇನ್ನಷ್ಟು ವರ್ಷ ಅಂಥ ಪತ್ರ ಕೈಯಲ್ಲಿ ಹಿಡಿದು ಬಂದವರ ಜೊತೆ ಕೂತು ದೂರು ಬರೆಸಿದ್ದೇನೆ. ನಿಮ್ಮ ಪತ್ರದಲ್ಲಿ ನಾಲ್ಕು ಬೇರೆಬೇರೆ ವಿಷಯಗಳನ್ನು ಒಂದೇ ಗಂಟು ಕಟ್ಟಿ ನಿಮ್ಮ ತಲೆ ಮೇಲೆ ಇಟ್ಟಿದ್ದಾರೆ. ಗಂಟು ಬಿಚ್ಚಿದರೆ ಭಾರ ಅಷ್ಟಿಲ್ಲ. ಹಾಗಂತ ಪೂರ್ತಿ ಗೆಲ್ಲುತ್ತೀರಿ ಅಂತ ಮಾತು ಕೊಡಲ್ಲ, ಒಂದು ಕಡೆ ನಿಮ್ಮ ಕೇಸು ಸ್ವಲ್ಪ ದುರ್ಬಲ ಇದೆ, ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಮೊದಲು ಕಾನೂನು ಏನು ಕೇಳುತ್ತೆ ನೋಡೋಣ. ಈ ದೇಶದಲ್ಲಿ 2012ರಲ್ಲಿ ಗ್ರಾಹಕರ ವಿಮೆಗೆ ಒಂದು ಕಾಯ್ದೆ ಬಂತು, ಜಾರಿಗೆ ಬಂದದ್ದು 2013ರ ಏಪ್ರಿಲ್ 6ರಂದು. ಕ್ಲೇಮ್ಸ್‌ನವರು ಅದನ್ನು ಸಿಡ್ರಾ ಅನ್ನುತ್ತಾರೆ. ಅದಕ್ಕೂ ಮೊದಲು ಕಂಪನಿ ಕೇಳಲಿ ಬಿಡಲಿ, ಮುಖ್ಯವಾದದ್ದನ್ನೆಲ್ಲ ನೀವೇ ಹೇಳಬೇಕಿತ್ತು. ಈಗ ಹಾಗಿಲ್ಲ. ಅವರು ಕೇಳಿದ ಪ್ರಶ್ನೆಗೆ ತಪ್ಪು ಉತ್ತರ ಹೋಗದ ಹಾಗೆ ನೀವು ಸಾಕಷ್ಟು ಎಚ್ಚರ ವಹಿಸಿದಿರಾ, ಇಷ್ಟೇ ಪ್ರಶ್ನೆ. ಉತ್ತರ ತಪ್ಪಾಗಿದ್ದರೂ ನೀವು ಎಚ್ಚರ ವಹಿಸಿದ್ದರೆ ಕಂಪನಿ ಕ್ಲೇಮ್ ಕೊಡಲೇಬೇಕು.

ಇಲ್ಲಿ ‘ನೀವು’ ಅನ್ನೋ ಪದ ಗಮನಿಸಿ. ತಮ್ಮ ಅಲ್ಲ. ಪಾಲಿಸಿ ನಿಮ್ಮದು, ಉತ್ತರ ಕೊಟ್ಟವರು ನೀವು, ಹಾಗಾಗಿ ನೋಡಬೇಕಾದದ್ದು ನಿಮ್ಮ ಮನಸ್ಸಲ್ಲಿ ಏನಿತ್ತು ಅನ್ನೋದು. ಅವನು ನಿಮ್ಮಿಂದ ಮುಚ್ಚಿಟ್ಟ ವಿಷಯವನ್ನು ನೀವು ಕಂಪನಿಯಿಂದ ಮುಚ್ಚಿಟ್ಟಿರಿ ಅನ್ನೋಕೆ ಬರಲ್ಲ. ‘ಬೇಕಂತಲೇ ಅಥವಾ ಲೆಕ್ಕಿಸದೆ’ ಅಂತ ಹೇಳಬೇಕಾದರೆ, ಉತ್ತರ ಸುಳ್ಳು ಅಂತ ನಿಮಗೆ ಗೊತ್ತಿತ್ತು ಇಲ್ಲವೇ ಸುಳ್ಳೋ ನಿಜವೋ ನಿಮಗೆ ಬೇಕಾಗಿರಲಿಲ್ಲ ಅಂತ ತೋರಿಸಬೇಕು. ತೋರಿಸುವ ಹೊಣೆ ಕಂಪನಿಯದು. ನೀವು ತಮ್ಮನನ್ನು ಕೂರಿಸಿ ಕೇಳಿದ್ದೀರಿ, ಅವನು ಕ್ಲೀನ್ ಅಂದಿದ್ದಾನೆ. ಒಡಹುಟ್ಟಿದವನ ಮಾತು ನಂಬೋದು ಲೆಕ್ಕಿಸದೆ ನಡೆದುಕೊಂಡ ಹಾಗೆ ಅಲ್ಲ. ನಿಮ್ಮ ದೂರಿನ ಬೆನ್ನುಮೂಳೆ ಇದೇ.

ಇದಕ್ಕೆ ಕಂಪನಿ ಕೇಳುವ ಮೊದಲ ಮರುಪ್ರಶ್ನೆ ಯಾವುದು ಗೊತ್ತಾ? ‘ಸ್ಪೀಡ್ ಮಾಡಿದ್ದು ಯಾರ ಕಾರಲ್ಲಿ?’ ಕ್ಯಾಮೆರಾಗೆ ಸಿಕ್ಕಿದರೆ 14 ದಿನದೊಳಗೆ ನೋಟಿಸ್ ಬರೋದು ಕಾರಿನ ರಿಜಿಸ್ಟರ್ಡ್ ಕೀಪರ್‌ಗೆ, ಅಂದರೆ ಕಾರು ಯಾರ ಹೆಸರಲ್ಲಿ ದಾಖಲಾಗಿದೆಯೋ ಅವರಿಗೆ. ಕೀಪರ್ 28 ದಿನದೊಳಗೆ ಓಡಿಸಿದವರು ಯಾರು ಅಂತ ಬರೆದು ಕಳಿಸಬೇಕು. ಅದು ನಿಮ್ಮ ಕಾರಾಗಿದ್ದರೆ ಆ ಫಾರಂ ಮೇಲೆ ತಮ್ಮನ ಹೆಸರು ಬರೆದವರು ನೀವೇ ಆಗಿರುತ್ತಿದ್ದಿರಿ, ‘ಗೊತ್ತೇ ಇರಲಿಲ್ಲ’ ಅನ್ನೋ ಮಾತು ಅಲ್ಲಿಗೇ ಬಿದ್ದು ಹೋಗುತ್ತಿತ್ತು. ಎರಡನೆಯದು ಆಫೀಸಿನ ಕಾರಲ್ಲಿ ಆಯಿತು ಅಂದಿದ್ದೀರಿ. ಹಾಗಿದ್ದರೆ ನೋಟಿಸ್ ಮೊದಲು ಹೋದದ್ದು ಆಫೀಸಿಗೆ, ಆಮೇಲೆ ಅವನ ಹೆಸರಿಗೆ. ಆ ಕಾಗದ, ಇಲ್ಲವೇ ಆಫೀಸಿನವರ ಇಮೇಲ್ ಅವನ ಹತ್ತಿರ ಇದ್ದೇ ಇರುತ್ತೆ. ಹುಡುಕಿಸಿ. 2019ರದ್ದು ಯಾವ ಕಾರಲ್ಲಿ ಅಂತ ನೀವು ಬರೆದಿಲ್ಲ, ಅದನ್ನೂ ಕೇಳಿ. ಅದು ನಿಮ್ಮ ಕಾರಾಗಿದ್ದರೆ ದೂರು ಬರೆಯುವ ಮೊದಲು ನನಗೆ ಇನ್ನೊಂದು ಸಾಲು ಬರೆಯಿರಿ, ಯಾಕೆಂದರೆ ಆಗ ವಾದವೇ ಬೇರೆ.

ಈಗ ಆ ಎರಡು ಸಲದ ಪಾಯಿಂಟ್ಸ್‌ಗಳನ್ನು ಬೇರೆಬೇರೆ ಇಟ್ಟು ನೋಡೋಣ. ಕಂಪನಿ ಎಡವಿರುವುದು ಇಲ್ಲೇ ಅಂತ ನನಗೆ ಅನ್ನಿಸುತ್ತೆ.

2019ರ ನವೆಂಬರ್‌ನದ್ದು. ಸಾಮಾನ್ಯ ಸ್ಪೀಡಿಂಗ್, ಲೈಸೆನ್ಸ್ ಮೇಲೆ ಎಸ್‌ಪಿ30 ಅಂತ ಕೋಡ್ ಬೀಳುತ್ತೆ, ಫಿಕ್ಸೆಡ್ ಪೆನಾಲ್ಟಿ ಆದರೆ 100 ಪೌಂಡ್ ದಂಡ, 3 ಪಾಯಿಂಟ್ಸ್. ಲೈಸೆನ್ಸ್, ಕಾರುಗಳ ಲೆಕ್ಕ ಇಡುವ ಸರ್ಕಾರಿ ಕಚೇರಿ ಡಿವಿಎಲ್‌ಎ ದಾಖಲೆಯಲ್ಲಿ ಈ ಕೋಡ್ ಇರೋದು 4 ವರ್ಷ ಮಾತ್ರ. ಅಂದರೆ 2023ರ ನವೆಂಬರ್‌ಗೆ ಅಳಿಸಿಹೋಯಿತು. 2024ರ ಜೂನ್‌ನಲ್ಲಿ ನಿಮ್ಮ ತಮ್ಮ ಫೋನ್ ತೆಗೆದು ಡಿವಿಎಲ್‌ಎ ಪೇಜ್ ತೋರಿಸಿದ್ದರೂ ಅಲ್ಲಿ ಒಂದೂ ಪಾಯಿಂಟ್ ಕಾಣುತ್ತಿರಲಿಲ್ಲ. ಆದರೆ ಇನ್ಶೂರೆನ್ಸ್‌ನವರು ಕೇಳೋದು ಹಿಂದಿನ 5 ವರ್ಷದ್ದು! ಈ ನಾಲ್ಕು ಮತ್ತು ಐದರ ನಡುವಿನ ಒಂದು ವರ್ಷ ಇದೆಯಲ್ಲ, ಎಷ್ಟು ಜನ ಅದರಲ್ಲಿ ಕಾಲು ಸಿಕ್ಕಿಸಿಕೊಂಡಿದ್ದಾರೆ ಅಂತ ಲೆಕ್ಕವಿಲ್ಲ. ಲೈಸೆನ್ಸ್ ಕ್ಲೀನ್ ಇದೆ ಅನ್ನೋದು ನಿಜ, ಐದು ವರ್ಷದಲ್ಲಿ ಏನೂ ಆಗಿಲ್ಲ ಅನ್ನೋದು ಸುಳ್ಳು, ಎರಡೂ ಒಟ್ಟಿಗೇ ಇರುತ್ತವೆ. ನಿಮ್ಮ ತಮ್ಮ ಆಗ ‘ಕ್ಲೀನ್’ ಅಂದಾಗ ಮನಸಾರೆ ನಿಜ ಅಂತಲೇ ಹೇಳಿರಬಹುದು.

ಇನ್ನೊಂದು. ‘ಕನ್ವಿಕ್ಷನ್’ ಅನ್ನೋ ಪದ ಕೇಳಿದ ತಕ್ಷಣ ನಮ್ಮವರ ಕಣ್ಣ ಮುಂದೆ ಬರೋದು ಕೋರ್ಟು, ಜಡ್ಜು, ಕಟಕಟೆ. ದಂಡ ಕಟ್ಟಿ ಮುಗಿಸಿದ್ದನ್ನು ಯಾರೂ ಆ ಪದದಿಂದ ಕರೆಯಲ್ಲ. ಊರಲ್ಲಿ ಟ್ರಾಫಿಕ್ ಚಲನ್ ಕಟ್ಟಿದವನನ್ನು ಶಿಕ್ಷೆ ಆದವನು ಅಂತೀವಾ? ಅದಕ್ಕೇ ಪ್ರಶ್ನೆ ಯಾವ ಪದಗಳಲ್ಲಿತ್ತು ಅನ್ನೋದು ಬಹಳ ಮುಖ್ಯ. ನೀವು ಕಂಪಾರಿಸನ್ ಸೈಟ್ ಮೂಲಕ ಹೋಗಿದ್ದರೆ ಅಲ್ಲಿನ ಪ್ರಶ್ನೆ ಏನಿತ್ತು? ‘ಕನ್ವಿಕ್ಷನ್, ಪೆನಾಲ್ಟಿ ಪಾಯಿಂಟ್ಸ್, ಫಿಕ್ಸೆಡ್ ಪೆನಾಲ್ಟಿ ಏನಾದರೂ ಇದೆಯೇ’ ಅಂತ ಬಿಡಿಸಿ ಕೇಳಿದ್ದರೆ ಅದು ಸ್ಪಷ್ಟ ಪ್ರಶ್ನೆ. ಬರೀ ‘ಕನ್ವಿಕ್ಷನ್’ ಅಂತ ಇದ್ದರೆ ನೀವು ವಾದ ಮಾಡಬಹುದು, ಯಾಕೆಂದರೆ ಪ್ರಶ್ನೆ ಎಷ್ಟು ಸ್ಪಷ್ಟವಾಗಿ, ಎಷ್ಟು ನಿರ್ದಿಷ್ಟವಾಗಿ ಇತ್ತು ಅಂತ ನೋಡಬೇಕು ಎಂದು ಸಿಡ್ರಾ ಕಾಯ್ದೆಯೇ ಹೇಳುತ್ತೆ. ನಿಮಗೆ ಕಾಣಿಸಿದ ಸ್ಕ್ರೀನ್ ಹೇಗಿತ್ತು ಅನ್ನೋದನ್ನು ಕಂಪನಿಯೇ ತೆಗೆದು ಕೊಡಲಿ.

ಇಷ್ಟೆಲ್ಲ ಹೇಳಿದೆ, ಆದರೆ ನಿಜವಾದ ಮಾತು ಇದಕ್ಕಿಂತ ಸರಳ. ಆ್ಯಕ್ಸಿಡೆಂಟ್ ಆದದ್ದು 2025ರ ಅಕ್ಟೋಬರ್‌ನಲ್ಲಿ. ಆಗ ಜಾರಿಯಲ್ಲಿದ್ದದ್ದು 2025ರ ಜೂನ್‌ನಲ್ಲಿ ಶುರುವಾದ ಪಾಲಿಸಿ. ಪ್ರತಿ ರಿನ್ಯೂವಲ್ ಒಂದು ಹೊಸ ಕರಾರು. 2025ರ ಜೂನ್‌ನಿಂದ ಹಿಂದಕ್ಕೆ ಐದು ವರ್ಷ ಎಣಿಸಿ, 2020ರ ಜೂನ್ ಬರುತ್ತೆ. 2019ರ ನವೆಂಬರ್ ಆ ಲೆಕ್ಕದಿಂದ ಆಚೆಗೆ ಹೋಯಿತಲ್ವಾ? ಅಷ್ಟೇ ಅಲ್ಲ, 1974ರ ರಿಹ್ಯಾಬಿಲಿಟೇಷನ್ ಆಫ್ ಅಫೆಂಡರ್ಸ್ ಕಾಯ್ದೆ ಪ್ರಕಾರ ಇಂಗ್ಲೆಂಡ್, ವೇಲ್ಸ್‌ನಲ್ಲಿ ವಯಸ್ಕರ ಲೈಸೆನ್ಸ್ ಮೇಲಿನ ಇಂಥ ಎಂಡೋರ್ಸ್‌ಮೆಂಟ್ (ಪಾಯಿಂಟ್ಸ್ ದಾಖಲೆ) ಐದು ವರ್ಷಕ್ಕೆ ‘ಸ್ಪೆಂಟ್’ ಆಗುತ್ತೆ, ಆಮೇಲೆ ಅದನ್ನು ಇನ್ಶೂರೆನ್ಸ್‌ನವರಿಗೆ ಹೇಳುವ ಅಗತ್ಯವೇ ಇಲ್ಲ. ಹಾಗಾಗಿ ಕಂಪನಿ ‘ಎರಡು’ ಅಂತ ಎಣಿಸಿರುವುದೇ ತಪ್ಪು. ಈ ಕ್ಲೇಮ್‌ಗೆ ಲೆಕ್ಕಕ್ಕೆ ಬರೋದು ಒಂದೇ ಒಂದು. ದೂರಿನ ಮೊದಲ ಪ್ಯಾರಾದಲ್ಲೇ ಇದನ್ನು ತಾರೀಖಿನ ಸಮೇತ ಬರೆಯಿರಿ.

ಈಗ 2025ರ ಜನವರಿಯದ್ದು. ನಾನು ಹೇಳಿದ ದುರ್ಬಲ ಜಾಗ ಇದೇ.

ರಿನ್ಯೂವಲ್ ಹೊತ್ತಲ್ಲಿ ಯಾರೂ ನಿಮಗೆ ಫಾರಂ ತುಂಬಿಸಲ್ಲ. ಮೂರು ನಾಲ್ಕು ವಾರ ಮುಂಚೆ ಒಂದು ಇಮೇಲ್ ಬರುತ್ತೆ, ದೊಡ್ಡ ಅಕ್ಷರದಲ್ಲಿ ಹೊಸ ಪ್ರೀಮಿಯಂ, ಕೆಳಗೆ ‘ನೀವೇನೂ ಮಾಡಬೇಕಿಲ್ಲ’ ಅನ್ನೋ ಧಾಟಿಯ ಒಂದು ಸಾಲು, ಜೊತೆಗೊಂದು ಉದ್ದ ಪಿಡಿಎಫ್. ಆ ಪಿಡಿಎಫ್ ಒಳಗೆ ಎಲ್ಲೋ ಹಿಂದಿನ ವರ್ಷದ ಉತ್ತರಗಳನ್ನೇ ಮತ್ತೆ ಅಚ್ಚು ಹಾಕಿರುತ್ತಾರೆ, ನಿಮ್ಮ ಹೆಸರು, ತಮ್ಮನ ಹೆಸರು, ಅವನ ಹೆಸರಿನ ಪಕ್ಕ ‘ಕನ್ವಿಕ್ಷನ್ಸ್: ಇಲ್ಲ’, ಕೆಳಗೆ ‘ತಪ್ಪಿದ್ದರೆ ತಿಳಿಸಿ’. ಹಾಗೆ ಕೇಳಿದಾಗ ತಿದ್ದದೆ ಬಿಟ್ಟರೂ ಅದನ್ನು ತಪ್ಪು ಮಾಹಿತಿ ಕೊಟ್ಟ ಹಾಗೆ ಅಂತ ಕಾಯ್ದೆ ಪರಿಗಣಿಸಬಹುದು. ನೀವು ತಮ್ಮನನ್ನು ಕೇಳಿದ್ದು 2024ರಲ್ಲಿ. 2025ರಲ್ಲಿ ಮತ್ತೆ ಕೇಳಿದಿರಾ? ಪತ್ರದಲ್ಲಿ ಬರೆದಿಲ್ಲ, ಬಹುಶಃ ಕೇಳಿಲ್ಲ. ಕಂಪನಿ ಹಿಡಿಯೋದು ಇದನ್ನೇ: ‘ಮತ್ತೆ ಕೇಳಬಹುದಿತ್ತಲ್ಲ?’

ಇದಕ್ಕೆ ನಿಮ್ಮ ಉತ್ತರ ಎರಡು. ಒಂದು, ಉತ್ತರಿಸುವುದು ಎಷ್ಟು ಮುಖ್ಯ ಅಂತ ಕಂಪನಿ ರಿನ್ಯೂವಲ್‌ನಲ್ಲಿ ಎಷ್ಟು ಸ್ಪಷ್ಟವಾಗಿ ಹೇಳಿತ್ತು ಅನ್ನೋದನ್ನೂ ಕಾಯ್ದೆ ನೋಡುತ್ತೆ. ಆ ಇಮೇಲ್ ಇನ್ನೂ ಇದ್ದರೆ ಅಳಿಸಬೇಡಿ. ‘ಏನೂ ಮಾಡಬೇಕಿಲ್ಲ’ ಅನ್ನೋ ಸಾಲು ಮೊದಲ ಪುಟದಲ್ಲೂ ‘ಪರಿಶೀಲಿಸಿ’ ಅನ್ನೋದು ಒಂಬತ್ತನೇ ಪುಟದಲ್ಲೂ ಇದ್ದರೆ, ಎರಡೂ ಪುಟದ ಪ್ರಿಂಟ್ ತೆಗೆದು ಅಕ್ಕಪಕ್ಕ ಇಟ್ಟು ದೂರಿಗೆ ಲಗತ್ತಿಸಿ. ಎರಡು, ವಾದ ಸೋತರೂ ಅದು ಬರೀ ಅಜಾಗರೂಕತೆ. ಬೇಕಂತಲೇ ಮಾಡಿದ್ದಲ್ಲ. ಈ ವ್ಯತ್ಯಾಸ ಮಾತಿನ ವ್ಯತ್ಯಾಸ ಅಷ್ಟೇ ಅಂದುಕೊಳ್ಳಬೇಡಿ, ಸಾವಿರಾರು ಪೌಂಡ್‌ಗಳ ವ್ಯತ್ಯಾಸ.

ಯಾಕೆ ಅಂದರೆ, ಬೇಕಂತಲೇ ಅಥವಾ ಲೆಕ್ಕಿಸದೆ ಅಂತ ಸಾಬೀತಾದರೆ ಕಂಪನಿ ಪಾಲಿಸಿ ವಾಯ್ಡ್ ಮಾಡಬಹುದು, ಸಾಮಾನ್ಯವಾಗಿ ಪ್ರೀಮಿಯಂ ಕೂಡ ಇಟ್ಟುಕೊಳ್ಳಬಹುದು. ಅಜಾಗರೂಕತೆ ಆದರೆ ಅಷ್ಟು ಸುಲಭವಾಗಿ ಹಾಗೆ ಮಾಡುವಂತಿಲ್ಲ. ನಿಜ ಗೊತ್ತಿದ್ದರೆ ತಾನು ಏನು ಮಾಡುತ್ತಿದ್ದೆ ಅಂತ ಕಂಪನಿ ತೋರಿಸಬೇಕು. ‘ಪಾಲಿಸಿಯನ್ನೇ ಕೊಡುತ್ತಿರಲಿಲ್ಲ’ ಅಂತ ತೋರಿಸಿದರೆ ಕ್ಲೇಮ್ ಇಲ್ಲ, ಆದರೆ ಪ್ರೀಮಿಯಂ ವಾಪಸ್ ಕೊಡಬೇಕು. ‘ಜಾಸ್ತಿ ಪ್ರೀಮಿಯಂ ತಗೊಂಡು ಕೊಡುತ್ತಿದ್ದೆ’ ಅಂತಾದರೆ, ನೀವು ಕಟ್ಟಿದ್ದು ಕಟ್ಟಬೇಕಾಗಿದ್ದರಲ್ಲಿ ಎಷ್ಟು ಪಾಲೋ ಕ್ಲೇಮ್‌ನಲ್ಲೂ ಅಷ್ಟು ಪಾಲು ಕೊಡಬೇಕು. ಉದಾಹರಣೆಗೆ ನೀವು ಕಟ್ಟಿದ್ದು 680 ಪೌಂಡ್, ಆ ಮೂರು ಪಾಯಿಂಟ್ಸ್ ಗೊತ್ತಿದ್ದರೆ 850 ಕೇಳುತ್ತಿದ್ದರು ಅಂತಿಟ್ಟುಕೊಳ್ಳಿ. 680 ಅಂದರೆ 850ರ ಶೇಕಡಾ 80. ಆಗ 9,000 ಪೌಂಡ್ ಕಾರಿಗೆ 7,200 ಬರಬೇಕು, ಎಕ್ಸೆಸ್ (ಕ್ಲೇಮ್‌ನಲ್ಲಿ ನೀವೇ ಹೊರಬೇಕಾದ ಮೊತ್ತ) ಲೆಕ್ಕ ಬೇರೆ. ಸೊನ್ನೆಗೂ 7,200ಕ್ಕೂ ಎಷ್ಟು ದೂರ ನೋಡಿ.

ಇನ್ನು ಆ ಪಾಯಿಂಟ್ಸ್ ಗೊತ್ತಿದ್ದರೂ ಪ್ರೀಮಿಯಂ ಒಂದು ಪೌಂಡ್ ಕೂಡ ಬದಲಾಗುತ್ತಿರಲಿಲ್ಲ, ಷರತ್ತೂ ಬದಲಾಗುತ್ತಿರಲಿಲ್ಲ ಅಂತಾದರೆ ಕಂಪನಿ ಏನೂ ಮಾಡುವ ಹಾಗಿಲ್ಲ, ಪೂರ್ತಿ ಕೊಡಬೇಕು. ಒಬ್ಬ ನೇಮ್ಡ್ ಡ್ರೈವರ್‌ನ ಒಂದೇ ಒಂದು ಎಸ್‌ಪಿ30ಗೆ ಪಾಲಿಸಿಯನ್ನೇ ನಿರಾಕರಿಸುತ್ತಿದ್ದೆವು ಅನ್ನೋ ಮಾತನ್ನು ನಾನಂತೂ ಸುಮ್ನೆ ನಂಬಲ್ಲ. ಕುಡಿದು ಓಡಿಸಿದ ಡಿಆರ್10 ಅಥವಾ ಇನ್ಶೂರೆನ್ಸ್ ಇಲ್ಲದೆ ಓಡಿಸಿದ ಐಎನ್10 ಆಗಿದ್ದರೆ ಮಾತು ಬೇರೆ. ಹಾಗಾಗಿ ದೂರಿನಲ್ಲಿ ನೇರವಾಗಿ ಕೇಳಿ: 2025ರ ಜೂನ್‌ನಲ್ಲಿ, 2025ರ ಜನವರಿಯ ಒಂದು ಎಸ್‌ಪಿ30 ಮಾತ್ರ ಗೊತ್ತಿದ್ದರೆ, ನನ್ನ ಪ್ರೀಮಿಯಂ ಎಷ್ಟಾಗುತ್ತಿತ್ತು? ಅದಕ್ಕೆ ಅಂಡರ್‌ರೈಟಿಂಗ್ (ಪ್ರೀಮಿಯಂ ನಿಗದಿ ಮಾಡುವ ಲೆಕ್ಕದ) ಪುರಾವೆ ಏನು? ಈ ಪ್ರಶ್ನೆಗೆ ಅಂಕಿ ಸಮೇತ ಉತ್ತರ ಬರುವವರೆಗೆ ಬಿಡಬೇಡಿ.

ಎದುರಿನ ಕಾರಿನವರ ವಿಷಯ ಬೇಗ ಹೇಳುತ್ತೇನೆ. 1988ರ ರೋಡ್ ಟ್ರಾಫಿಕ್ ಕಾಯ್ದೆಯ 151ನೇ ಸೆಕ್ಷನ್ ಪ್ರಕಾರ ಕಂಪನಿ ಅವರಿಗೆ ದುಡ್ಡು ಕೊಡಲೇಬೇಕು. ಆ್ಯಕ್ಸಿಡೆಂಟ್ ಆದ ಮೇಲೆ ಪಾಲಿಸಿ ವಾಯ್ಡ್ ಅಂತ ಹೇಳಿ ಆ ಹೊಣೆಯಿಂದ ಕಳಚಿಕೊಳ್ಳುವ ದಾರಿ 2019ರ ನವೆಂಬರ್‌ನಿಂದ ಮುಚ್ಚಿದೆ. ಹಾಗಾಗಿ ಅವರು ನೇರವಾಗಿ ನಿಮ್ಮ ಮನೆ ಬಾಗಿಲಿಗೆ ಬರ್ತಾರೆ ಅನ್ನೋ ಭಯ ಬೇಡ. ಕಂಪನಿ ಕೊಟ್ಟು ಆಮೇಲೆ ನಿಮ್ಮಿಂದ ಕೇಳಬಹುದು, ಅದು ನಿಜ. ಆದರೆ ವಾಯ್ಡ್ ಮಾಡಿದ್ದೇ ತಪ್ಪು ಅಂತಾದರೆ ಆ ವಸೂಲಿಯ ಆಧಾರವೇ ಹೋಗುತ್ತೆ. ಪಾಲಿನ ಲೆಕ್ಕ ಬಂದರೆ ಉಳಿದ ಪಾಲನ್ನು ಕೇಳುವ ಸಾಧ್ಯತೆ ಇದೆ, ಅದನ್ನು ಮನಸ್ಸಲ್ಲಿಟ್ಟುಕೊಳ್ಳಿ. ವಸೂಲಿ ಪತ್ರ ಬಂದರೆ ಹೆದರಿ ಕಂತು ಕಟ್ಟೋಕೆ ಒಪ್ಪಬೇಡಿ. ‘ಈ ತೀರ್ಮಾನದ ಬಗ್ಗೆ ದೂರು ನಡೆಯುತ್ತಿದೆ’ ಅಂತ ಲಿಖಿತ ಉತ್ತರ ಕೊಡಿ.

ದೂರು ಫೋನಲ್ಲಿ ಬೇಡ, ಬರವಣಿಗೆಯಲ್ಲೇ ಇರಲಿ, ಮೇಲೆ ‘ಕಂಪ್ಲೇಂಟ್’ ಅಂತ ಸ್ಪಷ್ಟವಾಗಿ ಹಾಕಿ. ನಿಮ್ಮ ತಮ್ಮ ಒಂದು ಹೇಳಿಕೆ ಬರೆದುಕೊಡಲಿ, ಅರ್ಧ ಪುಟ ಸಾಕು. ಅಕ್ಕ ಯಾವಾಗ ಏನು ಕೇಳಿದಳು, ತಾನು ಏನಂದೆ, ಜನವರಿಯದ್ದನ್ನು ಯಾಕೆ ಹೇಳಲಿಲ್ಲ. ಬೈತಾರೆ ಅಂತಲೋ, ಊರಲ್ಲಿ ಅಮ್ಮನಿಗೆ ಗೊತ್ತಾಗುತ್ತೆ ಅಂತಲೋ ಇದ್ದರೆ ಹಾಗೇ ಬರೆಯಲಿ, ನಾಚಿಕೆ ಪಡಬೇಕಿಲ್ಲ. ಇಂಥ ಕೇಸುಗಳಲ್ಲಿ ಮನುಷ್ಯ ಸಹಜವಾದ ಕಾರಣವನ್ನು ಓದುವವರು ನಂಬುತ್ತಾರೆ. ಆದರೆ ಒಂದು ಅಕ್ಷರವೂ ಸುಳ್ಳು ಬೇಡ. 2025ರಲ್ಲಿ ನೀವು ಕೇಳದೇ ಇದ್ದರೆ ಕೇಳಿದೆ ಅಂತ ಬರೆಯಬೇಡಿ. ಈಗ ಅಜಾಗರೂಕತೆಯ ಮಟ್ಟದಲ್ಲಿರುವ ಕೇಸನ್ನು ಒಂದು ಸುಳ್ಳು ವಂಚನೆಯ ಮಟ್ಟಕ್ಕೆ ಎಳೆದುಬಿಡುತ್ತೆ.

ಜೊತೆಗೇ ಇನ್ನೊಂದು ಅರ್ಜಿ ಹಾಕಿ, ಸಬ್ಜೆಕ್ಟ್ ಆ್ಯಕ್ಸೆಸ್ ರಿಕ್ವೆಸ್ಟ್ ಅಂತ. ನಿಮ್ಮ ಬಗ್ಗೆ ಅವರ ಹತ್ತಿರ ಇರುವುದನ್ನೆಲ್ಲ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉಚಿತವಾಗಿ ಕೊಡಬೇಕು. ಕೋಟ್ ತಗೊಂಡಾಗಿನ ಉತ್ತರಗಳು, ಫೋನ್ ರೆಕಾರ್ಡಿಂಗ್, ಆಂತರಿಕ ಟಿಪ್ಪಣಿ ಎಲ್ಲ ಕೇಳಿ. ತಮ್ಮನೂ ತನ್ನ ಹೆಸರಲ್ಲಿ ಒಂದು ಅರ್ಜಿ ಹಾಕಲಿ. ಮುಖ್ಯವಾಗಿ, ಅವನ ಲೈಸೆನ್ಸ್ ನಂಬರ್ ಕೊಟ್ಟಿದ್ದರೆ ಡಿವಿಎಲ್‌ಎ ದಾಖಲೆಯನ್ನು ಕಂಪನಿ ಯಾವ ಯಾವ ದಿನ ನೋಡಿದೆ ಅಂತ ಕೇಳಿ. 2014ರಿಂದ ಮೈಲೈಸೆನ್ಸ್ ಅನ್ನೋ ವ್ಯವಸ್ಥೆ ಮೂಲಕ ಕಂಪನಿಗಳು ಇದನ್ನು ನೋಡಬಹುದು. ಪಾಯಿಂಟ್ಸ್ ವಿಷಯ ಗೊತ್ತಾದ ಮೇಲೂ ಸುಮ್ಮನೆ ನಿಮ್ಮ ಕಂತು ತಗೊಳ್ಳುತ್ತಾ ಹೋಗಿದ್ದರೆ, ಆಮೇಲೆ ಪಾಲಿಸಿ ಬೇಡ ಅನ್ನೋ ಹಕ್ಕನ್ನು ಅವರೇ ಕಳಕೊಂಡಿರಬಹುದು.

ಕಂಪನಿಗೆ ಉತ್ತರ ಕೊಡೋಕೆ 8 ವಾರ ಸಮಯ. ಉತ್ತರ ಸರಿ ಬರದಿದ್ದರೆ, ಅಥವಾ 8 ವಾರ ಕಳೆದರೂ ಬರದಿದ್ದರೆ, ಇಂಥ ಕಂಪನಿಗಳ ಮೇಲಿನ ದೂರು ತೀರ್ಮಾನಿಸುವ ಸ್ವತಂತ್ರ ಸಂಸ್ಥೆ ಫೈನಾನ್ಷಿಯಲ್ ಓಂಬುಡ್ಸ್‌ಮನ್ ಸರ್ವಿಸ್‌ಗೆ ಹೋಗಿ. ಒಂದು ಪೆನ್ನಿಯೂ ಖರ್ಚಿಲ್ಲ, ವಕೀಲರು ಬೇಕಿಲ್ಲ, ನಂಬರ್ 0800 023 4567. ಕೊನೆಯ ತೀರ್ಮಾನವನ್ನು ನೀವು ಒಪ್ಪಿದರೆ ಕಂಪನಿ ಅದಕ್ಕೆ ಬದ್ಧ. ಒಪ್ಪದಿದ್ದರೆ ಕೋರ್ಟಿಗೆ ಹೋಗುವ ದಾರಿ ನಿಮಗೆ ಉಳಿದೇ ಇರುತ್ತೆ. ಕ್ಲೇಮ್ ಗೆದ್ದುಕೊಡುತ್ತೇವೆ ಅಂತ ಬಂದ ದುಡ್ಡಲ್ಲಿ ಪಾಲು ಕೇಳುವ ಕಂಪನಿಗಳು ಫೋನ್ ಮಾಡಿದರೆ ಬೇಡ ಅನ್ನಿ, ಈ ಕೆಲಸ ನಿಮ್ಮ ಕೈಯಲ್ಲೇ ಆಗುತ್ತೆ.

ಕಾರಿನ ದುಡ್ಡಿಗಿಂತ ನನಗೆ ಜಾಸ್ತಿ ಚಿಂತೆ ಇರೋದು ಆ ‘ವಾಯ್ಡ್’ ಅನ್ನೋ ಪದದ ಬಗ್ಗೆ. ಇನ್ನು ಮುಂದೆ ಕಾರ್ ಇನ್ಶೂರೆನ್ಸ್ ತಗೊಳ್ಳುವಾಗ, ಎಷ್ಟೋ ಸಲ ಮನೆ ಇನ್ಶೂರೆನ್ಸ್‌ಗೂ, ‘ನಿಮ್ಮ ಪಾಲಿಸಿ ಯಾವತ್ತಾದರೂ ವಾಯ್ಡ್ ಅಥವಾ ಕ್ಯಾನ್ಸಲ್ ಆಗಿದೆಯಾ’ ಅಂತ ಕೇಳುತ್ತಾರೆ. ಆ ತೀರ್ಮಾನ ನಿಂತಿರುವವರೆಗೆ ಹೌದು ಅಂತಲೇ ಹೇಳಬೇಕು. ಅದಕ್ಕೇ ದೂರಿನಲ್ಲಿ ದುಡ್ಡಿನ ಜೊತೆ ಇದನ್ನೂ ಕೇಳಿ: ವಾಯ್ಡ್ ಅನ್ನೋ ದಾಖಲೆಯನ್ನು ತಮ್ಮ ಕಡತದಿಂದಲೂ ಎಲ್ಲ ಇನ್ಶೂರೆನ್ಸ್ ಡೇಟಾಬೇಸ್‌ಗಳಿಂದಲೂ ತೆಗೆಯಬೇಕು, ತೆಗೆದಿದ್ದೇವೆ ಅಂತ ಪತ್ರ ಕೊಡಬೇಕು. ಕಂಪನಿ ‘ಒಂದಿಷ್ಟು ದುಡ್ಡು ಕೊಡ್ತೀವಿ, ಮುಗಿಸಿಬಿಡಿ’ ಅಂತ ಬಂದರೂ ಈ ಪತ್ರ ಇಲ್ಲದೆ ಸಹಿ ಹಾಕಬೇಡಿ.

ಈ ವಾರವೇ ಮಾಡಬೇಕಾದ ಎರಡು ಕೆಲಸ ಇವೆ. ಕಾರು ಈಗ ಎಲ್ಲಿದೆ? ಕಂಪನಿಯ ಯಾರ್ಡ್‌ನಲ್ಲಿದ್ದರೆ, ಕ್ಲೇಮ್ ತಿರಸ್ಕರಿಸಿದ ದಿನದಿಂದ ದಿನಬಾಡಿಗೆ ಕೇಳಬಹುದು. ಫೋನ್ ಮಾಡಿ ಕೇಳಿ, ಆಗುವುದಾದರೆ ಅಲ್ಲಿಂದ ತೆಗೆಸಿ, ದೂರು ಮುಗಿಯುವವರೆಗೆ ಗುಜರಿಗೆ ಹಾಕಬಾರದು ಅಂತ ಇಮೇಲ್ ಕಳಿಸಿ, ಎಲ್ಲ ಕಡೆಯಿಂದ ಫೋಟೋ ತೆಗೆದಿಟ್ಟುಕೊಳ್ಳಿ. ಪಾಲಿಸಿ ಇಲ್ಲದ ಕಾರು ಈಗಲೂ ನಿಮ್ಮ ಹೆಸರಲ್ಲೇ ಇದ್ದರೆ ಡಿವಿಎಲ್‌ಎಗೆ ಎಸ್‌ಒಆರ್‌ಎನ್ (ಕಾರು ರಸ್ತೆಗೆ ಇಳಿಸಲ್ಲ ಅನ್ನೋ ಘೋಷಣೆ) ಕೊಡಿ, ಇಲ್ಲದಿದ್ದರೆ ನಿಂತ ಕಾರಿಗೂ 100 ಪೌಂಡ್ ದಂಡದ ಕಾಗದ ಬರುತ್ತೆ. ಎಸ್‌ಒಆರ್‌ಎನ್ ಕೊಟ್ಟ ಮೇಲೆ ಕಾರನ್ನು ರಸ್ತೆಯಲ್ಲಿ ನಿಲ್ಲಿಸುವಂತಿಲ್ಲ, ನಿಮ್ಮ ಡ್ರೈವ್‌ವೇನಲ್ಲೋ ಖಾಸಗಿ ಜಾಗದಲ್ಲೋ ಇರಬೇಕು.

ಎರಡನೆಯದು, ಆ ಪತ್ರದ ಕೊನೆಯ ಪುಟ ನೋಡಿ. ‘ಫೈನಲ್ ರೆಸ್ಪಾನ್ಸ್’ ಅಂತ ಇದ್ದು, ಓಂಬುಡ್ಸ್‌ಮನ್‌ಗೆ ಹೋಗೋಕೆ 6 ತಿಂಗಳು ಅಂತ ಬರೆದಿದ್ದರೆ ನಿಮ್ಮ ಗಡುವು ಆಗಲೇ ಶುರುವಾಗಿದೆ, ಕಂಪನಿಗೆ ಮತ್ತೆ ದೂರು ಕೊಟ್ಟು 8 ವಾರ ಕಾಯಬೇಕಿಲ್ಲ, ನೇರವಾಗಿ ಓಂಬುಡ್ಸ್‌ಮನ್‌ಗೆ ಬರೆಯಿರಿ. ಆ ಸಾಲು ಇಲ್ಲದಿದ್ದರೆ ಅದು ಬರೀ ಕ್ಲೇಮ್ ತಿರಸ್ಕಾರದ ಪತ್ರ, ದೂರು ಇನ್ನೂ ಶುರುವಾಗಿಲ್ಲ ಅಂತ ಅರ್ಥ. ಪುಟದ ಫೋಟೋ ಕಳಿಸಿ, ಹೆಸರು ಮತ್ತು ಪಾಲಿಸಿ ನಂಬರ್ ಮರೆಮಾಡಿ. ಜೊತೆಗೆ ರಿನ್ಯೂವಲ್ ಇಮೇಲ್‌ನ ಮೊದಲ ಪುಟವನ್ನೂ ಕಳಿಸಿ, ದೂರಿನ ಮೊದಲ ಪ್ಯಾರಾ ಒಟ್ಟಿಗೆ ಕೂತು ಬರೆಯೋಣ.